ಬಾಗಿಲ ಪಕ್ಕದ ಕುರ್ಚಿ

ಫೆಬ್ರವರಿ 9

ಪುಟ್ಟಿ,

ಮೂರು ತಿಂಗಳಿಂದ ಕಾಗದವಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ಪರವಾಗಿಲ್ಲ. ನಮ್ಮ ಪ್ರೆಸ್ಸಿನಲ್ಲಿ ಈಗ ಶಾಲೆ ಪುಸ್ತಕಗಳ ಕಾಲ. ಬೆಳಗಿನಿಂದ ಸಂಜೆಯವರೆಗೆ ಹಾಳೆ ಮಡಿಸುವುದು, ದಾರಕ್ಕೆ ಮೇಣ ಹಚ್ಚುವುದು, ಹೊಲಿಯುವುದು, ಗೋಂದು ಬಳಿಯುವುದು. ನನ್ನ ಬೆರಳಿನ ತುದಿಯಲ್ಲಿ ಈಗ ಚರ್ಮಕ್ಕಿಂತ ಗೋಂದೇ ಹೆಚ್ಚು. ಫೋನು ಮಾಡೋಣವೆಂದರೆ ಬಲಗಿವಿಯ ಕಥೆ ನಿನಗೆ ಗೊತ್ತೇ ಇದೆ, ಈಗ ಎಡದ್ದೂ ಅದರ ದಾರಿ ಹಿಡಿದಿದೆ. ನನಗೆ ಕಾಗದವೇ ವಾಸಿ. ಅದು ಗೊಣಗುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಅಣ್ಣನಿಗೆ ಲಕ್ವ ಹೊಡೆದಿದೆ. ಬಲಗೈ, ಬಲಗಾಲು ಎರಡೂ ಹೋಗಿವೆ. ಮಾತು ತೊದಲುತ್ತದೆ. ಅತ್ತಿಗೆ ತೀರಿಕೊಂಡು ಎರಡು ವರ್ಷವಾಯಿತು, ಮಕ್ಕಳೂ ಇಲ್ಲ. ಇನ್ನು ಹದಿನೈದು ದಿನಕ್ಕೆ ಆಸ್ಪತ್ರೆಯವರು ಮನೆಗೆ ಕಳಿಸುತ್ತಾರಂತೆ. ಯಾರ ಮನೆಗೆ? ಚಿಕ್ಕಪ್ಪ ನಿನ್ನೆ ಬಂದವರು ಎರಡು ಲೋಟ ಕಾಫಿ ಕುಡಿದರೂ ಏಳಲಿಲ್ಲ. "ಒಡಹುಟ್ಟಿದವಳು ನೀನಿರುವಾಗ ಅವನು ಬೀದಿಗೆ ಬೀಳ್ಬೇಕೇನಮ್ಮಾ? ನಿಂಗೇನು ಗಂಡನ ಕಾಟವೇ, ಮಕ್ಕಳ ಕಾಟವೇ? ಇಷ್ಟು ದೊಡ್ಡ ಕೋಣೆ ಖಾಲಿ ಬಿದ್ದಿದೆ" ಎಂದರು. ಅಷ್ಟು ದೊಡ್ಡ ಕೋಣೆಯೆಂದರೆ ಅಡ್ಡ ಮಲಗಿದರೆ ಕಾಲು ಗೋಡೆಗೆ ತಾಗುತ್ತದೆ, ನೀನು ನೋಡಿದ್ದೀಯ.

ಅವನು ಈ ಮನೆಗೆ ಬರುವುದು ನನಗೆ ಬೇಡ. ಆದರೆ ನನ್ನ ಬಾಯಿಂದ ಬೇಡ ಎನ್ನುವ ಮಾತು ಬರುತ್ತಿಲ್ಲ. ನೀನು ಓದಿದವಳು, ನಿನ್ನ ಮಾತಿಗೆ ನಾಲ್ಕು ಜನ ಬೆಲೆ ಕೊಡುತ್ತಾರೆ. "ಬೇಡ, ಅಕ್ಕನ ಮನೆಗೆ ಕಳಿಸಬೇಡಿ" ಎಂದು ಒಂದು ಸಾಲು ಬರೆ. ಅದನ್ನು ಅವರ ಮುಖಕ್ಕೆ ಹಿಡಿಯುತ್ತೇನೆ. ಯಾಕೆ ಬೇಡ ಎಂದು ನೀನು ಕೇಳಿದರೆ ಹೇಳುತ್ತೇನೆ. ಇಷ್ಟು ವರ್ಷ ನೀನು ಕೇಳಿಲ್ಲ. ಈಗಲೂ ಕೇಳದಿದ್ದರೆ ಬೇಡ, ಒಂದು ಸಾಲು ಸಾಕು.

ಅಕ್ಕ


ಫೆಬ್ರವರಿ 17

ಪ್ರೀತಿಯ ಅಕ್ಕ,

ನಿನ್ನ ಕಾಗದವನ್ನು ನಾಲ್ಕೈದು ಸಲ ಓದಿದೆ. ಅಣ್ಣನ ಸುದ್ದಿ ಕೇಳಿ ಏನನ್ನಿಸಿತೆಂದು ಹೇಳುವುದು ಕಷ್ಟ. ನಿನ್ನ ಮೇಲೆ ಎಷ್ಟು ಒತ್ತಡವಿದೆ ಎನ್ನುವುದು ಮಾತ್ರ ಅರ್ಥವಾಯಿತು.

ನನ್ನ ಕೆಲಸ ಏನೆಂದು ನೀನು ಯಾವಾಗಲೂ ರೇಗಿಸುತ್ತೀಯಲ್ಲ, "ಕೂತು ತಲೆಯಾಡಿಸೋಕೆ ಅಷ್ಟು ಓದಬೇಕಿತ್ತಾ" ಎಂದು. ಈ ಸಲ ಸ್ವಲ್ಪ ಹೇಳುತ್ತೇನೆ. ಆಪ್ತ ಸಲಹೆಗೆಂದು ನನ್ನ ಹತ್ತಿರ ಬರುವವರು ಎಂದೋ ಆದ ಪೆಟ್ಟನ್ನು ಇನ್ನೂ ಮೈಯಲ್ಲಿ ಹೊತ್ತವರು. ಅಂಥವರಿಗಾಗಿ ಕೋಣೆಯನ್ನೇ ಬೇರೆ ರೀತಿ ಜೋಡಿಸಿದ್ದೇನೆ. ಅವರ ಕುರ್ಚಿ ಬಾಗಿಲ ಪಕ್ಕದಲ್ಲಿರುತ್ತದೆ, ನನ್ನದು ಒಳಗೆ. ಅವರಿಗೂ ಬಾಗಿಲಿಗೂ ನಡುವೆ ನಾನು ಬರಬಾರದು. ಬಾಗಿಲಿಗೆ ಚಿಲಕವಿಲ್ಲ, ತೆಗೆಸಿದ್ದೇನೆ. ಫ್ಯಾನು ಹಾಕಲು ಏಳುವ ಮೊದಲು "ಈಗ ಏಳ್ತೀನಿ" ಎಂದು ಹೇಳಿಯೇ ಏಳುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ, "ಏನಾಯ್ತು?" ಎಂದು ನಾನು ಕೇಳುವುದಿಲ್ಲ. ಅವರಿಗೆ ಬೇಕೆನಿಸಿದ ದಿನ, ಬೇಕೆನಿಸಿದಷ್ಟು ಹೇಳುತ್ತಾರೆ. ಹಿಂದೆ ಅವರ ಕೈಯಿಂದ ಯಾರೋ ಕಿತ್ತುಕೊಂಡದ್ದು ತೀರ್ಮಾನಿಸುವ ಹಕ್ಕನ್ನು. ಅದನ್ನು ಅವರಿಗೇ ವಾಪಸು ಕೊಡುವುದೇ ನನ್ನ ಕೆಲಸ.

ಒಬ್ಬರು ಹನ್ನೊಂದು ವಾರದಿಂದ ಬರುತ್ತಿದ್ದಾರೆ. ಬಿಸಿಲಿರಲಿ, ಮಳೆಯಿರಲಿ, ತೊಡೆಯ ಮೇಲೆ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದೇ ಕೂರುತ್ತಾರೆ. ಹೆಚ್ಚು ಹೇಳುವಂತಿಲ್ಲ, ಹೇಳಿದ್ದೇ ಹೆಚ್ಚಾಯಿತು. ಕೊಡೆ ಕೆಳಗಿಡಿ ಎಂದು ನಾನು ಒಮ್ಮೆಯೂ ಅಂದಿಲ್ಲ.

ಅದಕ್ಕೇ ಅಕ್ಕ, ಬೇಡ ಎಂದು ನಾನು ಬರೆದರೆ ಅದು ನನ್ನ ತೀರ್ಮಾನವಾಗುತ್ತದೆ. ನಿನ್ನದಾಗುವುದಿಲ್ಲ. ಇಡೀ ಜೀವನ ಬೇರೆಯವರ ಮಾತಿಗೆ ತಲೆಬಾಗಿದವಳು ನೀನು. ಈ ಒಂದನ್ನಾದರೂ ನೀನೇ ನಿರ್ಧರಿಸು. ನೀನು ಏನು ಮಾಡಿದರೂ ನಾನು ನಿನ್ನ ಜೊತೆಗಿದ್ದೇನೆ.

ನಿನ್ನ ಪುಟ್ಟಿ


ಮಾರ್ಚ್ 1

ಪುಟ್ಟಿ,

ಬಂದ. ಮಂಗಳವಾರ ಆಂಬ್ಯುಲೆನ್ಸಿನಲ್ಲಿ ತಂದು ಇಳಿಸಿದರು. ನಿನ್ನ ಕಾಗದ ಬಂದದ್ದು ಹಿಂದಿನ ದಿನ. ಚಿಕ್ಕಪ್ಪ ಕೇಳಿದರು, "ಪುಟ್ಟಿ ಏನಂತೆ?" ನಾನು ಹೇಳಿದೆ, "ನನ್ನಿಷ್ಟ ಅಂತೆ." ಅವರು ನಕ್ಕುಬಿಟ್ಟರು. "ಇನ್ನೇನು ಮತ್ತೆ!" ಎಂದು ಮಂಚ ಹಾಕಿಸಿದರು.

ನಿನ್ನ ಕೊಡೆಯವರ ಸುದ್ದಿ ಓದಿ ನಗು ಬಂತು. ಹನ್ನೊಂದು ವಾರ! ಅಷ್ಟರಲ್ಲಿ ನಾನು ಒಂದು ಲಾರಿ ಪುಸ್ತಕ ಹೊಲಿದು ಕಳಿಸುತ್ತಿದ್ದೆ. ನಿಮ್ಮ ಕಸುಬಿನಲ್ಲಿ ಬೈಯುವ ಮೇಸ್ತ್ರಿ ಇಲ್ಲ, ಪುಣ್ಯ ಮಾಡಿದ್ದೀಯ.

ಆದರೆ ಕುರ್ಚಿಯ ವಿಷಯ ಹಿಡಿಸಿತು. ಅವನ ಮಂಚ ಗೋಡೆಯ ಕಡೆಗಿದೆ, ನನ್ನ ಕುರ್ಚಿಯನ್ನು ಬಾಗಿಲ ಪಕ್ಕಕ್ಕೆ ಎಳೆದುಕೊಂಡಿದ್ದೇನೆ. ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ನರ್ಸಮ್ಮ ನೋಡಿಕೊಳ್ಳುತ್ತಾರೆ. ಉಳಿದ ಹೊತ್ತು ಅಲ್ಲೇ ಕೂರುತ್ತೇನೆ. ಹತ್ತಿರ ಹೋಗುವುದು ಊಟ ಮಾಡಿಸಲು, ಮೈ ಒರೆಸಲು ಮಾತ್ರ. ಮೈ ಒರೆಸುವಾಗ ಬೇರೆ ಕಡೆ ನೋಡುತ್ತೇನೆ.

ನೀನು ಕೇಳಲಿಲ್ಲ. ಇರಲಿ.

ಅಕ್ಕ


ಮಾರ್ಚ್ 14

ಪ್ರೀತಿಯ ಅಕ್ಕ,

ನೀನೇ ತೀರ್ಮಾನ ತೆಗೆದುಕೊಂಡೆಯಲ್ಲ, ಅದು ಎಷ್ಟು ದೊಡ್ಡದೆಂದು ನಿನಗೆ ಗೊತ್ತಿಲ್ಲ. ನಿನ್ನ ಕಾಗದದಲ್ಲಿ ಎಂದಿನ ತಮಾಷೆ ಕಂಡು ಜೀವಕ್ಕೆ ಸಮಾಧಾನವಾಯಿತು.

ಕೆಲವೊಮ್ಮೆ ಎದೆ ಹೊಡೆದುಕೊಂಡರೆ, ಉಸಿರು ಸಿಕ್ಕಿಕೊಂಡ ಹಾಗಾದರೆ ಹೀಗೆ ಮಾಡು. ಎರಡೂ ಪಾದ ನೆಲಕ್ಕೆ ಊರಿ ಕೂತು, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಒಂದೊಂದಾಗಿ ಹೇಳು. ನೆನಪು ನಮ್ಮನ್ನು ಹಿಂದಕ್ಕೆ ಎಳೆದೊಯ್ಯುವಾಗ ಈ ಐದು ವಸ್ತುಗಳು ಇವತ್ತಿಗೆ ಕಟ್ಟಿಹಾಕುತ್ತವೆ. ನನ್ನ ಹತ್ತಿರ ಬರುವ ಎಲ್ಲರಿಗೂ ಇದನ್ನೇ ಮೊದಲು ಕಲಿಸುತ್ತೇನೆ.

ಒಂದು ಸಂತೋಷದ ಸುದ್ದಿ. ಮೊನ್ನೆ, ಹದಿನೈದನೆಯ ವಾರ, ಅವರು ಕೊಡೆಯನ್ನು ಕೆಳಗಿಟ್ಟರು. ನನ್ನನ್ನು ಕೇಳಲಿಲ್ಲ, ನಾನೂ ನೋಡಿದಂತೆ ತೋರಿಸಿಕೊಳ್ಳಲಿಲ್ಲ. ಅವರು ಹೋದ ಮೇಲೆ ಒಬ್ಬಳೇ ಕೂತು ಸಣ್ಣ ಮಗುವಿನಂತೆ ಅತ್ತೆ. ನೀನು ನಗುತ್ತೀಯ, ನಗು.

ಪುಟ್ಟಿ


ಏಪ್ರಿಲ್ 5

ಪುಟ್ಟಿ,

ನೀನು ಹೇಳಿದಂತೆ ಮಾಡಿದೆ. ಪಾದ ನೆಲಕ್ಕೆ ಊರಿದೆ. ಒಂದು, ಅವನ ಎಡಗೈ. ಎರಡು, ಅವನ ಎಡಗೈ. ಮೂರು, ಅವನ ಎಡಗೈ. ಅಲ್ಲಿಗೆ ನಿಲ್ಲಿಸಿದೆ. ಬೇರೆ ಯಾರಿಗಾದರೂ ಕಲಿಸು, ಪಾಪ, ಅವರಿಗೆ ಉಪಯೋಗವಾಗಬಹುದು.

ನೀನು ಕೇಳುವುದಿಲ್ಲವೆಂದು ಗೊತ್ತಾಯಿತು. ಕೇಳದೇ ಹೇಳುತ್ತೇನೆ. ನನಗೂ ಐವತ್ನಾಲ್ಕು ವಯಸ್ಸಾಯಿತು, ಇನ್ನು ಯಾರಿಗೆ ಹೇಳಲಿ?

ನನ್ನ ಕಿವಿ ಹೋದದ್ದು ಜ್ವರಕ್ಕಲ್ಲ. ಅಮ್ಮ ಹೋದ ಮೇಲೆ ಅಪ್ಪ ಫ್ಯಾಕ್ಟರಿಯಿಂದ ಬರುವತನಕ ಮನೆ ಅಣ್ಣನ ಕೈಯಲ್ಲಿತ್ತು. ಅವನಿಗೆ ಹದಿನಾರು, ನನಗೆ ಹತ್ತು, ನಿನಗೆ ಏಳು. ಅನ್ನ ಸೀದರೆ, ಅಂಗಿಯ ಗುಂಡಿ ಹೊಲಿಯದಿದ್ದರೆ, ಏನೂ ಆಗದಿದ್ದರೂ, ನನ್ನನ್ನು ಹಿಂದಿನ ಸಾಮಾನಿನ ಕೋಣೆಗೆ ತಳ್ಳಿ ಚಿಲಕ ಹಾಕುತ್ತಿದ್ದ. ತಾನೂ ಒಳಗೆ. ಅಪ್ಪನ ಹಳೆಯ ಬೆಲ್ಟು ಅಲ್ಲೇ ಮೊಳೆಗೆ ನೇತಾಡುತ್ತಿತ್ತು. ಬೆಲ್ಟು ಸಿಗದ ಒಂದು ದಿನ ಎಡಗೈಯಿಂದಲೇ ಕಿವಿಗೆ ಬಿಟ್ಟ, ಅಷ್ಟೆ, ಆಮೇಲೆ ಆ ಕಡೆಯಿಂದ ಲೋಕ ನಿಂತುಹೋಯಿತು. ಮೂರು ವರ್ಷ ಹೀಗೇ ನಡೆಯಿತು. "ಅಪ್ಪಂಗೆ ಹೇಳಿದ್ಯೋ, ಪುಟ್ಟೀನೂ ಇಲ್ಲೇ ತಂದು ಕೂಡ್ತೀನಿ" ಎಂದಿದ್ದ. ಅದಕ್ಕೇ ಹೇಳಲಿಲ್ಲ.

ನೀನು ಅಳಬೇಡ. ಇದನ್ನೆಲ್ಲ ಬರೆದದ್ದು ನಿನ್ನನ್ನು ಅಳಿಸಲು ಅಲ್ಲ. ನಿನಗೆ ಮರೆತಿರಬೇಕು, ಸಣ್ಣವಳು. ನೀನು ಹೊರಗೆ ಮೆಟ್ಟಿಲ ಮೇಲೆ ಕೂತು, ಅಪ್ಪನ ಸೈಕಲ್ಲು ತಿರುವಿನಲ್ಲಿ ಕಂಡ ಕೂಡಲೇ ಗಂಟಲು ಹರಿಯುವಂತೆ ಮಗ್ಗಿ ಹೇಳುತ್ತಿದ್ದೆ. "ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು!" ಅಷ್ಟು ಪುಟ್ಟ ಪ್ರಾಣಿಗೆ ಅಷ್ಟು ದೊಡ್ಡ ದನಿ! ಅದು ಕೇಳಿದ್ದೇ ತಡ ಅವನ ಕೈ ನಿಲ್ಲುತ್ತಿತ್ತು. ಏಳ್ಮೂರ್ಲೆಗೆ ಬರುವಷ್ಟರಲ್ಲಿ ಚಿಲಕ ತೆಗೆಯುತ್ತಿದ್ದ. ಆಮೇಲೆ ನೀನು ನನ್ನ ಪಕ್ಕ ಬಂದು, ಲಂಗದ ಜೇಬಿನಿಂದ ಪೆಪ್ಪರಮೆಂಟು ತೆಗೆದು, ಅರ್ಧ ಕಚ್ಚಿ, ಉಳಿದರ್ಧ ನನ್ನ ಬಾಯಿಗಿಡುತ್ತಿದ್ದೆ.

ನನ್ನನ್ನು ಉಳಿಸಿದವಳು ನೀನು, ಪುಟ್ಟಿ. ಯಾರೂ ಹೇಳಿಕೊಡದೆ, ನಿನ್ನ ಪುಟ್ಟ ತಲೆಗೇ ಹೊಳೆದು. ಒಬ್ಬರಾದರೂ ನನ್ನ ಕಡೆಗೆ ಇದ್ದರಲ್ಲ ಎಂದುಕೊಂಡೇ ಇಲ್ಲಿಯವರೆಗೆ ಬಂದಿದ್ದೇನೆ. ಈಗಲೂ ಅವನು ಎಡಗೈ ಎತ್ತಿದಾಗ, ನೀರು ಬೇಕೆಂದೇ ಎತ್ತುತ್ತಾನೆ, ನನ್ನ ಒಳ್ಳೆಯ ಕಿವಿ ಹೊರಗಿನ ಮೆಟ್ಟಿಲ ಕಡೆಗೆ ಹೋಗುತ್ತದೆ.

ಎರಡು ದಿನದ ಮಟ್ಟಿಗೆ ಬಾ. ಏನೂ ಮಾಡಬೇಡ, ಏನೂ ಕೇಳಬೇಡ. ಸುಮ್ಮನೆ ಮೆಟ್ಟಿಲ ಮೇಲೆ ಕೂತುಕೋ.

ಅಕ್ಕ


ಏಪ್ರಿಲ್ 24

ಅಕ್ಕ,

ನೀನು ಇಷ್ಟನ್ನು ನನಗೆ ಹೇಳಿದ್ದಕ್ಕೆ ಕೃತಜ್ಞತೆ. ಎಷ್ಟು ಧೈರ್ಯ ಬೇಕಾಗಿತ್ತೆಂದು ನನಗೆ ಗೊತ್ತು.

ಈ ತಿಂಗಳು ಹೊಸಬರಿಗೆ ತರಬೇತಿಯಿದೆ, ಬಿಟ್ಟು ಬರುವಂತಿಲ್ಲ. ಮುಂದಿನ ತಿಂಗಳು ನೋಡುತ್ತೇನೆ. ನಿಮ್ಮೂರಿನಲ್ಲೇ ನನ್ನ ಪರಿಚಯದ ಒಬ್ಬರು ಒಳ್ಳೆಯ ಆಪ್ತ ಸಮಾಲೋಚಕಿ ಇದ್ದಾರೆ, ವಿಳಾಸ ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಅವರಿಗೂ ಬಾಗಿಲ ಪಕ್ಕ ಕುರ್ಚಿಯಿಡುವ ಪದ್ಧತಿಯಿದೆ.

ಆರೋಗ್ಯ ನೋಡಿಕೋ.

ಪುಟ್ಟಿ


ಮೇ 12

ಪುಟ್ಟಿ,

ನಾನು ಅವನಿಗೆ ಹೊಡೆದೆ.

ಕೈಲಾಗದವನಿಗೆ ಹೊಡೆದೆ. ಊಟ ಮಾಡಿಸುತ್ತಿದ್ದೆ, ಗೋಡೆಗೆ ಹಾಕಿದ ನಿನ್ನ ಫೋಟೋ ನೋಡಿ ತೊದಲುತ್ತ ನಿನ್ನ ಮೇಲೆ ಒಂದು ಸುಳ್ಳು ಹೇಳಿದ. ಏನು ಸುಳ್ಳೆಂದು ಬರೆಯುವುದಿಲ್ಲ. ಅದು ನನ್ನ ಕೈಯಕ್ಷರದಲ್ಲಿ ಬೀಳುವುದು ಬೇಡ. ನನ್ನ ಮೇಲೆ ಏನು ಬೇಕಾದರೂ ಅನ್ನಲಿ, ಕೇಳಿಸಿಕೊಂಡೇ ಬೆಳೆದವಳು. ನಿನ್ನ ಮೇಲೆ ಅಂದದ್ದನ್ನು ಸಹಿಸಲಾಗಲಿಲ್ಲ. ಬಲಗೆನ್ನೆಗೆ ಹೊಡೆದರೆ ಅವನಿಗೆ ತಿಳಿಯುವುದಿಲ್ಲವೆಂದು ಎಡಗೆನ್ನೆಗೆ ಹೊಡೆದೆ. ನೋಡು, ಅಷ್ಟು ಯೋಚನೆ ಮಾಡಿ ಹೊಡೆದಿದ್ದೇನೆ. ಅವನ ಬಾಯಿಂದ ಅನ್ನ ಕೆಳಗೆ ಬಿತ್ತು, ಅದನ್ನು ನಾನೇ ಬಳಿದೆ.

ಆಮೇಲೆ ನನ್ನ ಕೈ ನೋಡಿಕೊಂಡೆ. ಅವನದೇ ಕೈ. ನಮ್ಮಿಬ್ಬರ ಬೆರಳೂ ಒಂದೇ ತರಹ, ಹೆಬ್ಬೆರಳು ಹಿಂದಕ್ಕೆ ಬಾಗಿರುವುದು. ಅಪ್ಪನದೂ ಹಾಗೇ ಇತ್ತು.

ನೀನು ಕೊಟ್ಟ ವಿಳಾಸಕ್ಕೆ ಹೋಗಿದ್ದೆ. ಒಳ್ಳೆಯವರು, ಕುರ್ಚಿಯೂ ಬಾಗಿಲ ಪಕ್ಕದಲ್ಲೇ ಇತ್ತು. ಆದರೆ ಅವರು ಮೆಲ್ಲಗೆ ಮಾತಾಡುತ್ತಾರೆ, ನನಗೆ ಕೇಳಿಸಲಿಲ್ಲ. ಸುಮ್ಮನೆ ತಲೆಯಾಡಿಸಿ ಬಂದೆ.

ಅಕ್ಕ


ಮೇ 20

ಅಕ್ಕ,

ಅವನು ಏನು ಹೇಳಿದನೆಂದು ನನಗೆ ಗೊತ್ತು. ಅದು ಸುಳ್ಳಲ್ಲ.

ಈ ಸಾಲನ್ನು ಬರೆಯಲು ಹತ್ತು ಹಾಳೆ ಹರಿದಿದ್ದೇನೆ. ಇನ್ನು ನಿಲ್ಲದೆ ಬರೆದುಬಿಡುತ್ತೇನೆ. ನನ್ನನ್ನು ಮೆಟ್ಟಿಲ ಮೇಲೆ ಕೂರಿಸುತ್ತಿದ್ದದ್ದು ಅವನೇ. "ಅಪ್ಪನ ಸೈಕಲ್ ಕಂಡ್ರೆ ಜೋರಾಗಿ ಮಗ್ಗಿ ಹೇಳು, ಪೆಪ್ಪರಮೆಂಟ್ ಕೊಡ್ತೀನಿ" ಎನ್ನುತ್ತಿದ್ದ. ಏಳರ ಮಗ್ಗಿಯನ್ನು ಆರಿಸಿದವನೂ ಅವನೇ, ನನಗೆ ಅದು ಬಾಯಿಗೆ ಚೆನ್ನಾಗಿ ಬರುತ್ತಿತ್ತು. ಪೆಪ್ಪರಮೆಂಟನ್ನು ಮೊದಲೇ ಕೊಡುತ್ತಿದ್ದ. ನಾನು ಅದನ್ನು ತಿನ್ನದೆ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದೆ. ಅರ್ಧ ನಿನಗೆ ಕೊಟ್ಟರೆ ಸರಿಹೋಗುತ್ತದೆ ಎಂದುಕೊಂಡಿದ್ದೆ.

ನನ್ನ ದನಿ ನಿನ್ನನ್ನು ಉಳಿಸಲಿಲ್ಲ, ಅಕ್ಕ. ಅದು ಅವನನ್ನು ಉಳಿಸಿತು. ನಾನು ಒಂದೇ ಒಂದು ದಿನ ಬಾಯಿ ಮುಚ್ಚಿ ಕೂತಿದ್ದರೆ ಅಪ್ಪ ನೇರ ಒಳಗೆ ಬಂದು ನೋಡುತ್ತಿದ್ದರು. ಅಂದೇ ಮುಗಿಯುತ್ತಿತ್ತು. ನಿನ್ನ ಕಿವಿ ಉಳಿಯುತ್ತಿತ್ತು. ಒಳಗೆ ಏನು ನಡೆಯುತ್ತಿದೆಯೆಂದು ನನಗೆ ತಿಳಿಯುತ್ತಿತ್ತು. ಏಳು ವರ್ಷಕ್ಕೆ ಎಲ್ಲ ತಿಳಿಯುವುದಿಲ್ಲ ಎಂದು ಬೇರೆಯವರಿಗೆ ನೂರು ಸಲ ಹೇಳಿದ್ದೇನೆ. ನನಗೆ ತಿಳಿಯುತ್ತಿತ್ತು.

"ಏನಾಯ್ತು" ಎಂದು ನಾನು ಯಾರನ್ನೂ ಕೇಳುವುದಿಲ್ಲ ಎಂದು ಹೆಮ್ಮೆಯಿಂದ ಬರೆದಿದ್ದೆನಲ್ಲ. ಆ ಪದ್ಧತಿ ಒಳ್ಳೆಯದೇ, ಅದರಿಂದ ಜನ ಬದುಕಿಕೊಂಡಿದ್ದಾರೆ. ಆದರೆ ನಿನ್ನನ್ನು ಕೇಳದಿದ್ದದ್ದು ಪದ್ಧತಿಯಿಂದಲ್ಲ, ಹೆದರಿಕೆಯಿಂದ. ಕೇಳಿದರೆ ನಿನ್ನ ಉತ್ತರದಲ್ಲಿ ನಾನಿರುತ್ತಿದ್ದೆ. ಫೆಬ್ರವರಿಯಲ್ಲಿ "ಬೇಡ" ಎಂದು ಬರೆದಿದ್ದರೆ "ಯಾಕೆ?" ಎಂದು ಚಿಕ್ಕಪ್ಪ ನನ್ನನ್ನು ಕೇಳುತ್ತಿದ್ದರು. ಅದಕ್ಕೇ ತೀರ್ಮಾನ ನಿನ್ನದು ಎಂದು ಬರೆದು ಕೈ ತೊಳೆದುಕೊಂಡೆ.

ಹೋದ ವಾರ ಆ ಕೊಡೆಯವರು ಬಂದಿದ್ದರು. ನಿನ್ನ ಕಾಗದ ನನ್ನ ಚೀಲದಲ್ಲಿತ್ತು. ಅವರು ಸುಮ್ಮನೆ ಕೂತಿದ್ದರು, ನಾನೂ ಸುಮ್ಮನೆ ಕೂರಬೇಕಿತ್ತು. ಬಾಯಿಂದ ಬಂದೇಬಿಟ್ಟಿತು, "ಏನಾಯ್ತು ಹೇಳಿ, ಹೇಳಿಬಿಡಿ ನಂಗೆ." ಅವರು ನನ್ನ ಮುಖ ನೋಡಿದರು. ಬಗ್ಗಿ ಕೊಡೆ ಎತ್ತಿಕೊಂಡು ಹೊರಟುಹೋದರು. ಈ ವಾರ ಬರಲಿಲ್ಲ. ಕೇಳಬೇಕಾದವಳನ್ನು ಕೇಳದೆ, ಕೇಳಬಾರದವರನ್ನು ಕೇಳಿದೆ.

ಈಗ ನಿನ್ನನ್ನು ಕೇಳುತ್ತೇನೆ. ಅಲ್ಲಿ ಏನಾಗುತ್ತಿದೆ ಅಕ್ಕ? ನೀನು ಹೇಗಿದ್ದೀಯ? ಏನಾದರೂ ಬರೆ.

ಪುಟ್ಟಿ


ಜೂನ್ 16

ಅಕ್ಕ,

ನಾಲ್ಕು ವಾರವಾಯಿತು. ಪ್ರೆಸ್ಸಿಗೆ ಫೋನು ಮಾಡಿದ್ದೆ. ಮೇಸ್ತ್ರಿ, "ದಿನಾ ಬರ್ತಾರಲ್ಲ, ಚೆನ್ನಾಗೇ ಇದಾರೆ" ಎಂದರು. ಫೋನು ಕೊಡಲೇ ಎಂದು ನಿನ್ನನ್ನು ಕೂಗಿದರು, ನೀನು ಬೇಡವೆಂದು ಕೈಯಾಡಿಸಿದೆಯಂತೆ.

ಅವನನ್ನು ನೋಡಿಕೊಳ್ಳಲು ಇಲ್ಲಿ ಒಂದು ಆಶ್ರಯ ಮನೆ ನೋಡಿದ್ದೇನೆ. ಚಿಕ್ಕಪ್ಪನಿಗೂ ಬರೆದಿದ್ದೇನೆ, ಎಲ್ಲವನ್ನೂ, ನನ್ನ ಪಾಲನ್ನೂ ಸೇರಿಸಿ. ಈ ಸಲ ತೀರ್ಮಾನ ನಿನ್ನದು ಎನ್ನುವುದಿಲ್ಲ. ಬೇಡ ಅಕ್ಕ, ಅವನು ಆ ಮನೆಯಲ್ಲಿ ಬೇಡ. ಇಪ್ಪತ್ತೆಂಟಕ್ಕೆ ಬಂದು ಅವನನ್ನು ಕರೆದೊಯ್ಯುತ್ತೇನೆ.

ಪುಟ್ಟಿ


ಜೂನ್ 22

ಪುಟ್ಟಿ,

ಬರಬೇಡ.

ನೀನು ಬರೆದ ಸಾಲನ್ನು ನೋಡಿದೆ. "ಬೇಡ, ಅವನು ಆ ಮನೆಯಲ್ಲಿ ಬೇಡ." ನಾನು ಕೇಳಿದ್ದು ಇದೇ ಸಾಲನ್ನು, ಫೆಬ್ರವರಿಯಲ್ಲಿ. ಆಗ ಇದ್ದಿದ್ದರೆ ಅದನ್ನು ಎದೆಗೆ ಅಪ್ಪಿಕೊಳ್ಳುತ್ತಿದ್ದೆ. ಈಗ ಇಟ್ಟುಕೊಂಡು ಏನು ಮಾಡಲಿ? ಅವನು ಎಲ್ಲಿದ್ದರೂ ನನಗೆ ಒಂದೇ.

ಏಳು ವರ್ಷದ ಪುಟ್ಟಿಯ ಮೇಲೆ ನನಗೆ ಕೋಪವಿಲ್ಲ. ಅವಳಿಗೆ ಪೆಪ್ಪರಮೆಂಟು ಕೊಟ್ಟರು, ಅವಳು ಮಗ್ಗಿ ಹೇಳಿದಳು. ನನ್ನ ಸಿಟ್ಟು ನಿನ್ನ ಮೇಲೆ, ಐವತ್ತೊಂದು ವರ್ಷದವಳ ಮೇಲೆ. ನನ್ನ ಹತ್ತಿರ ಇದ್ದದ್ದು ಆ ಒಂದು ದನಿ. ಗಂಡನಿಲ್ಲ, ಮಕ್ಕಳಿಲ್ಲ, ಕಿವಿಯಿಲ್ಲ, ಹೋಗಲಿ, ಅದೊಂದು ಇತ್ತು. ಅದನ್ನೂ ತೆಗೆದುಕೊಂಡೆ. ನಿನ್ನ ಎದೆ ಹಗುರಾಗಿರಬೇಕು. ಆ ಭಾರವನ್ನು ನೀನು ಇಳಿಸಿದ್ದು ನನ್ನ ಮೇಲೆ. ಏಪ್ರಿಲ್‌ನಲ್ಲಿ ನೀನು ಸುಮ್ಮನೆ ಬಂದು ಮೆಟ್ಟಿಲ ಮೇಲೆ ಕೂತಿದ್ದರೆ, ಸುಳ್ಳಾಗಿದ್ದರೂ ನನಗೆ ಸಾಕಿತ್ತು.

ನಿನ್ನ ಮೇ ತಿಂಗಳ ಕಾಗದ ಬಂದ ದಿನ ಅವನು ಕೇಳಿದ, "ಪುಟ್ಟಿ ಏನಂದ್ಲು?" ನಾನು ಹೇಳಿದೆ, "ನೀನು ಹೇಳಿದ್ದು ನಿಜ ಅಂದ್ಲು." ಅವನ ಅರ್ಧ ಬಾಯಿ ಅಲುಗಿತು, ನಕ್ಕನೋ ಅತ್ತನೋ ತಿಳಿಯಲಿಲ್ಲ. ನಿಜ ಹೇಳಿದ್ದಕ್ಕೆ ಅವನನ್ನು ಹೊಡೆದಿದ್ದೆನಲ್ಲ. ಅವನ ಎಡಗೆನ್ನೆ ಮುಟ್ಟಿ, "ತಪ್ಪಾಯ್ತು ಅಣ್ಣ" ಎಂದೆ. ಈ ಮಾತನ್ನು ನಾನು ಅವನಿಗೆ ಹೇಳಬೇಕಾಯಿತು, ಪುಟ್ಟಿ. ಅವನು ನನಗೆ ಇವತ್ತಿನವರೆಗೂ ಹೇಳಿಲ್ಲ. ಆದರೂ ನಾನು ಕೇಳದೆಯೇ ನನಗೆ ನಿಜ ಹೇಳಿದವನು ಈ ಮನೆಯಲ್ಲಿ ಅವನೊಬ್ಬನೇ.

ಈಗ ಅವನು ಎಡಗೈ ಎತ್ತಿದರೆ ನನ್ನ ಕಿವಿ ಎಲ್ಲಿಗೂ ಹೋಗುವುದಿಲ್ಲ. ಏಳರ ಮಗ್ಗಿಯನ್ನು ನಾನೇ ಹೇಳಿಕೊಂಡು ನೋಡಿದೆ. ಪೂರ್ತಿ ಬರುತ್ತದೆ, ಎಪ್ಪತ್ತರವರೆಗೆ. ಏನೂ ನಿಲ್ಲುವುದಿಲ್ಲ.

ಆ ಕೊಡೆಯವರು ವಾಪಸು ಬಂದರೆ ಅವರನ್ನು ಏನೂ ಕೇಳಬೇಡ. ಅವರಿಗಾಗಿ ಕುರ್ಚಿ ಅಲ್ಲೇ ಇರಲಿ.

ನನ್ನ ಕುರ್ಚಿಯನ್ನು ಬಾಗಿಲ ಪಕ್ಕದಿಂದ ತೆಗೆದು ಅವನ ಮಂಚದ ಹತ್ತಿರ ಹಾಕಿದ್ದೇನೆ. ಊಟ ಮಾಡಿಸಲು ಅಲ್ಲೇ ಅನುಕೂಲ.

ಅಕ್ಕ